ಅಪ್ಪನ ಕುತ್ತಿಗೆಯ ಕೆಂಪು

ನನ್ನ ಅಪ್ಪ ಗೆಂಗ್ ಬಾವೊಛುವಾನ್ ಬೀಜಿಂಗಿನ ರಸ್ತೆಗಳಲ್ಲಿ ಆಯುಷ್ಯವಿಡೀ ಟ್ರಾಲಿ ಬಸ್ಸು ಓಡಿಸಿದವನು. ತಾನು ಬ್ರೇಕು ಒತ್ತಿದರೆ ನಿಂತವರ ಕೈಯ ಸೋಯಾ ಹಾಲು ತುಳುಕುವುದಿಲ್ಲ ಎಂಬುದೇ ಅವನ ಹೆಮ್ಮೆ.

ಈ ಚಳಿಗಾಲ ಊಟದ ನಡುವೆ ಅವನ ಬಲಗೈಯಿಂದ ಉಣ್ಣುವ ಕಡ್ಡಿಗಳು ಜಾರಿದವು. ಸ್ವಲ್ಪ ಹೊತ್ತಿಗೆ ಕೈ ಸರಿಹೋಯಿತು, ಆದರೂ ನಾನು ಅವನನ್ನು ಆಸ್ಪತ್ರೆಗೆ ಕರೆದೊಯ್ದೆ. ಮಿದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ನಾಳ ಕಿರಿದಾಗಿದೆ, ಸ್ಟೆಂಟ್ ಹಾಕಬೇಕು, ಹಾಸಿಗೆ ಖಾಲಿಯಾಗುವವರೆಗೆ ಕಾಯಿರಿ ಎಂದರು ಡಾಕ್ಟರು. ಅಲ್ಲಿಯವರೆಗೆ ದಿನಕ್ಕೆರಡು ಹೊತ್ತು ತೋಳುಗಳಿಗೆ ಪಟ್ಟಿ ಕಟ್ಟಿ, ಯಂತ್ರದಿಂದ ಬಿಗಿಯಬೇಕು, ಬಿಡಬೇಕು. ರಕ್ತವಿಲ್ಲದೆ ತೋಳು ಸ್ವಲ್ಪ ಬಳಲಿದರೆ ಮಿದುಳು ದೊಡ್ಡ ಕೊರತೆ ತಾಳುವುದನ್ನು ಕಲಿಯಬಹುದಂತೆ. ಕಲಿಯುತ್ತದೆ ಎನ್ನಲಿಲ್ಲ, ಕಲಿಯಬಹುದು ಎಂದರು.

ಮಗುವಿಗೆ ಹಾಲೂಡಿಸುತ್ತಾ ನಾನು ಪಕ್ಕದಲ್ಲೇ ಕೂರುತ್ತಿದ್ದೆ.

"ನಿಮ್ಮಮ್ಮನೂ ಇಷ್ಟು ಬಿಗಿಯಾಗಿ ಹಿಡ್ಕೊಂಡಿರ್ಲಿಲ್ಲ ಕಣೆ," ಅನ್ನುತ್ತಿದ್ದ ಅಪ್ಪ, ಪಟ್ಟಿ ಬಿಗಿದಾಗಲೆಲ್ಲ.

ಒಂದು ದಿನ ಪಟ್ಟಿ ಬಿಚ್ಚಿದಾಗ ತೋಳಿನ ತುಂಬ ಕೆಂಪು ಚುಕ್ಕಿ. ನಾನು ಗಾಬರಿಯಿಂದ ಆಸ್ಪತ್ರೆಗೆ ಫೋನ್ ಮಾಡಿದೆ. ತಾನೇ ಮಾಯುತ್ತದೆ ಎಂದರು. ಅಪ್ಪನಿಗಂತೂ ಹಿಗ್ಗು. ಮೈ ಭಾರವಾದರೆ ಎಮ್ಮೆ ಕೊಂಬಿನ ಬಿಲ್ಲೆಯಿಂದ ಕೆರೆಸಿಕೊಳ್ಳುವವರು ನಾವು, ಚರ್ಮ ಕೆಂಪೆದ್ದರೆ ವಿಷ ಹೊರಬಿತ್ತೆಂದೇ ಲೆಕ್ಕ.

"ಯಂತ್ರನೂ ಅದನ್ನೇ ಮಾಡ್ತಿದೆ ನೋಡು. ಆದ್ರೆ ಕೊಳೆ ಇರೋದು ಕುತ್ತಿಗೇಲಿ, ಇದು ತೋಳು ಹಿಂಡ್ತಾ ಕೂತಿದೆ."

"ಅಪ್ಪ, ಕುತ್ತಿಗೆ ಮುಟ್ಟಬೇಡ."

"ನೀನು ಓದಿರೋಳು, ಹೆದರ್ಕೋತಾ ಇರು."

ಮಗುವಿಗೆ ಚುಚ್ಚುಮದ್ದು ಹಾಕಿಸಿಕೊಂಡು ಮರಳಿದ ದಿನ ಪಕ್ಕದ ಮನೆಯ ಲುವಾನ್ ಚಿಕ್ಕಮ್ಮ ಕೊಂಬಿನ ಬಿಲ್ಲೆ ಒರೆಸುತ್ತಿದ್ದಳು. ಅಪ್ಪನ ಕುತ್ತಿಗೆಯ ಎಡಬದಿ ಕಡುಗೆಂಪು.

"ಎಷ್ಟು ಚೆನ್ನಾಗಿ ಎದ್ದಿದೆ ನೋಡೆ. ಇಷ್ಟು ವಿಷ ಇಟ್ಕೊಂಡು ಹೇಗೆ ಓಡಾಡ್ತಿದ್ರೋ ಗೆಂಗಣ್ಣ."

ಅಪ್ಪ ಏನೋ ಹೇಳಹೊರಟ. ತುಟಿಯ ಒಂದು ಬದಿ ಏಳಲೇ ಇಲ್ಲ.

ಆಸ್ಪತ್ರೆಯಲ್ಲಿ ನೋಡಿದರೆ, ನಾಳದೊಳಗಿನ ಕೊಬ್ಬಿನ ತುಣುಕು ಕಿತ್ತುಬಂದು ಮಿದುಳಿಗೆ ಹೋಗಿ ಸಿಕ್ಕಿಕೊಂಡಿತ್ತು. "ಕುತ್ತಿಗೆ ಯಾರು ಕೆರೆದಿದ್ದು?" ಎಂದು ಡಾಕ್ಟರು ಕೇಳಿದರು. ನನ್ನ ಮಗುವನ್ನು ಎತ್ತಿಕೊಂಡು ನಿಂತಿದ್ದ ಲುವಾನ್ ಚಿಕ್ಕಮ್ಮ ನೆಲ ನೋಡಿದಳು.

"ಈಗ್ಲೇ ನಾಳದ ಒಳಗಿಂದ ಆ ತುಣುಕು ಎಳೆದು ತೆಗೀಬಹುದು. ಆಗ ರಕ್ತಸ್ರಾವ ಆದ್ರೆ ಜೀವಾನೇ ಹೋಗ್ಬಹುದು. ತೆಗೀದೇ ಇದ್ರೆ ಮಾತು, ಬಲಗೈ ಬರೋದು ಕಷ್ಟ. ಬೇಗ ಹೇಳಿ."

"ಇಷ್ಟು ದಿನ ತೋಳು ಬಿಗಿದಿದ್ದು ಏನೂ ಕಾಪಾಡಲ್ವಾ, ಡಾಕ್ಟ್ರೇ?"

"ಗೊತ್ತಿಲ್ಲಮ್ಮ. ಮಿದುಳಿಗೆ ಸ್ವಲ್ಪ ಸಮಯ ಕೊಟ್ಟಿರ್ಬಹುದು. ಅದನ್ನೂ ನಾವಿಲ್ಲಿ ಮಾತಾಡಿ ಕಳೀತಿದ್ದೀವಿ."

ಅಪ್ಪನ ಕಿವಿಗೆ ಬಾಗಿದೆ. "ಮಾಡಿಸ್ಲಾ?"

ಅವನು ಎಡಗೈಯಿಂದ ನನ್ನ ಅಂಗಿಯ ತೋಳು ಹಿಡಿದ. ಹ್ಞೂಂ ಎಂದನೋ, ಬಿಡಬೇಡ ಎಂದನೋ.

"ಮಾಡಿ," ಎಂದೆ. ತಳ್ಳುಮಂಚ ಒಳಗೆ ಹೋಗಬೇಕಿತ್ತು. ಅವನ ಬೆರಳುಗಳನ್ನು ನಾನೇ ಬಿಡಿಸಬೇಕಾಯಿತು.