ಮಗ್ಗದ ಮೇಲೆ ಹಾಕಿದ ಡೇರೆ

ಕಪ್ಪತಗುಡ್ಡದ ಮೇಲೆ ಡೇರೆ ಹಾಕಿ ಎರಡು ದಿನ ಇರಬೇಕೆಂದು ಗದಗಿನಿಂದ ಬಂದವರು ನಾವು, ನಾನು ಮತ್ತು ನನ್ನಂತೆಯೇ ಶಾಲಾ ಮಾಸ್ತರನಾದ ಒಬ್ಬ ಗೆಳೆಯ. ಅರ್ಧ ಗುಡ್ಡ ಹತ್ತುವುದರೊಳಗೆ ಮಳೆ ಹೊಡೆದು ನಮ್ಮನ್ನು ಕೆಳಗೆ ಅಟ್ಟಿತು. ಈಗ ಗುಡ್ಡದ ಬುಡದ ಹಳ್ಳಿಯೊಂದರಲ್ಲಿ, ನೇಕಾರರ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ.

ನಾವು ಬಂದಾಗ ಮನೆಯ ಯಜಮಾನ ಮಣ್ಣಿನ ಮಾಳಿಗೆ ಹತ್ತಿ, ಸೋರುವ ಕಡೆ ಮಣ್ಣು ಹಾಕಿ ತುಳಿಯುತ್ತಿದ್ದ. ಕೆಳಗೆ ಮಗ್ಗದಲ್ಲಿ ಅರ್ಧ ನೇಯ್ದ ಮದುವೆ ಸೀರೆ. ನೀರು ಬಿದ್ದು ನೂಲಿನ ಗಂಜಿ ಬಿಟ್ಟರೆ ಎಳೆಗಳು ಹರಿಯುತ್ತವೆ. ನೆಲದ ಕುಣಿಯಲ್ಲಿ ನೆಟ್ಟ ಮಗ್ಗವನ್ನು ಸರಿಸುವಂತೆಯೂ ಇಲ್ಲ. ಆತನ ಹೆಂಡತಿ ಗಂಗಮ್ಮ ತಾನು ಹೊದೆಯುವ ಕೌದಿಯನ್ನೇ ಅದಕ್ಕೆ ಹೊಚ್ಚಿದ್ದಳು, ಅದೂ ತೊಯ್ದಿತ್ತು.

"ನಮ್ಮ ಡೇರೆ ಐತಲ್ಲ, ಕಟ್ಟೂಣ ತಡೀರಿ," ಎಂದ ಗೆಳೆಯ. ಡೇರೆ ಬಿಚ್ಚಿದೊಡನೆ ಆಕೆ ಹಿಂದೆ ಸರಿದಳು. ಬಟ್ಟೆಯ ಮೇಲೆ, ಈ ಊರನ್ನು ಮೊನ್ನೆಮೊನ್ನೆಯವರೆಗೂ ಆಳಿದ ಸಂಸ್ಥಾನದ ಮುದ್ರೆ ಇತ್ತು. ಲಕ್ಷ್ಮೇಶ್ವರದ ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕ ಹಳೆಯ ಡೇರೆ. ಆ ಮುದ್ರೆಯನ್ನು ನಾವು ಚಂದದ ಚಿತ್ರ ಅಂದುಕೊಂಡಿದ್ದೆವು.

"ಸಾಹೇಬ್ರ ಡೇರೆ ಏನ್ರಿ ಇದು?"

"ಈಗ ನಮ್ದ ಐತಿ, ಯಕ್ಕಾ. ಸಂಸ್ಥಾನ ಹೋತಲ್ಲ," ಎಂದ ಗೆಳೆಯ.

ಗಂಗಮ್ಮನೂ ಸೇರಿ ಮೂವರೂ ಡೇರೆಯನ್ನು ಮಗ್ಗದ ಮೇಲಿನ ತೊಲೆಗೆ ಕಟ್ಟಿದೆವು. ಹನಿಗಳು ಅದರ ಮೇಲೆ ಜಾರಿ ಪಕ್ಕದ ಕೊಡಕ್ಕೆ ಇಳಿದವು.

ಈಗಷ್ಟೇ ಮಳೆ ನಿಂತಿತು. ಹಗ್ಗ ಬಿಚ್ಚಲು ಹೋದೆ. ಗಂಗಮ್ಮ ಅಡ್ಡ ಬಂದಳು.

"ಮಾಸ್ತರ್ರ, ಆಗ ಸಾಹೇಬ್ರ ಈ ಡೇರೆ ಊರ ಮುಂದ ಬಿತ್ತಂದ್ರ ನಮ್ಮ ಗಂಡಸ್ರಿಗೆ ಬಿಟ್ಟಿ ಚಾಕರಿ. ಯಾವಾಗ ಕೀಳ್ತಾರೋ ಅಂತ ದೇವರಿಗೆ ಬೇಡ್ಕೋತಿದ್ವಿ." ಆಕೆ ಹಗ್ಗದ ಮೇಲೆ ಕೈ ಇಟ್ಟಳು. "ಸೀರಿ ಮುಗಿಯೂತನಕ ಕೀಳಬ್ಯಾಡ್ರಿ."