ಕಾಶಮ್ಮನ ಕೋಡು

ಭದ್ರಾವತಿ ಓಲ್ಡ್ ಟೌನಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ಕಾಶಮ್ಮನದು ಗಿರಣಿಯ ಸದ್ದನ್ನೂ ಮೀರಿಸುವ ಗಂಟಲು. ಹಾಗಾಗಿ, ಮಾತಾಡಿದರೆ ದವಡೆ ನೋಯುತ್ತೆ ಅಂತ ಅವಳು ದೂರಿದಾಗ ಗಂಡ ಚಂದ್ರಶೇಖರಪ್ಪ ಅದನ್ನು ಕಾಯಿಲೆ ಅಂದುಕೊಳ್ಳಲಿಲ್ಲ, ಶುಭಸುದ್ದಿ ಅಂದುಕೊಂಡ. ಆಮೇಲೆ ತಲೆನೋವು ಶುರುವಾಗಿ, ಬಲಗಡೆ ಕಣತಲೆಯಲ್ಲಿ ನರವೊಂದು ಹಗ್ಗದ ಹಾಗೆ ಉಬ್ಬಿತು.

"ನಿಂಗೆ ಕೋಡು ಮೂಡಿರೋದು ನಂಗೆ ಮದುವೆಯಾದಾಗಲೇ ಗೊತ್ತಿತ್ತು ಮಾರಾಯ್ತಿ," ಅಂದ.

ಬಲಗಣ್ಣು ವೋಲ್ಟೇಜಿಲ್ಲದ ಬಲ್ಬಿನಂತೆ ಆಗಾಗ ಮಂಕಾಗತೊಡಗಿದಾಗ ಅವನ ನಗು ನಿಂತಿತು. ಇಬ್ಬರೂ ಶಿವಮೊಗ್ಗದ ಬಸ್ಸು ಹತ್ತಿದರು.

"ತಲೆಯ ರಕ್ತನಾಳದ ಉರಿಯೂತ ಇದು," ಅಂದರು ಡಾಕ್ಟರ್ ತನುಜಾ. "ಈಗಲೇ ಅಡ್ಮಿಟ್ ಆಗಿ, ಡ್ರಿಪ್ ಹಾಕ್ತೀವಿ. ತಡವಾದ್ರೆ ಕಣ್ಣು ಹೋಗುತ್ತೆ. ಹೋದ ಕಣ್ಣು ಬರಲ್ಲ."

ಆಸ್ಪತ್ರೆಯ ವಿಮೆ ಕೌಂಟರಿನ ಲೋಹಿತ್ ಕೇಳಿದ, "ಕಾಯಿಲೆ ಏನಮ್ಮ?"

"ತಲೆ ನರ ಊದಿದೆಯಪ್ಪ."

ಲೋಹಿತ್ ನರರೋಗದ ಕೋಡ್ ಒತ್ತಿದ. ನರಕ್ಕೆ ಈ ಡ್ರಿಪ್ ಯಾಕೆ ಅಂತ ವಿಮೆಯವರ ಕಂಪ್ಯೂಟರ್ ಥಟ್ಟನೆ ತಿರಸ್ಕರಿಸಿತು.

"ಇವರ ಕೋಡ್ ಸರಿ ಇಲ್ವಂತೆ."

"ಒಂದೇ ಕಡೆ ಇದೆ ಅಂತಲಾ?" ಅಂದ ಚಂದ್ರಶೇಖರಪ್ಪ ಗಾಬರಿಯಲ್ಲಿ.

ಡಾಕ್ಟರೇ ಓಡಿ ಬಂದರು. "ನರ ಅಲ್ಲ ಲೋಹಿತ್, ರಕ್ತನಾಳ!"

"ರಕ್ತ ಹರಿಯೋ ನರ ತಾನೆ ಮೇಡಂ?"

ಕ್ಯೂನಲ್ಲಿದ್ದವರೂ "ನರಾನೇ, ನರಾನೇ" ಅಂತ ತಲೆಯಾಡಿಸಿದರು. ಕನ್ನಡದ ನರನಿಗೆ ಚರ್ಮದಡಿ ದಾರದಂತೆ ಕಾಣುವುದೆಲ್ಲ ನರವೇ.

ಲೋಹಿತ್ ಮತ್ತೆ ಹುಡುಕಿದ. "ಸಿಕ್ತು, ಎಂ ಮೂವತ್ತೊಂದು. ಪಾಯಿಂಟ್ ಐದು ಅಂದ್ರೆ ಭುಜನೋವಿನ ಜೊತೆ, ಆರು ಅಂದ್ರೆ ಭುಜನೋವಿಲ್ಲದೆ. ನಿಮಗೆ ಭುಜ ನೋಯುತ್ತಾ?"

"ರಾಗಿ ಚೀಲ ಎತ್ತೋಳಿಗೆ ಭುಜ ನೋಯದೆ ಮೂಗು ನೋಯುತ್ತೇನಪ್ಪ?"

"ಅದು ಕೆಲಸದ ನೋವಾ, ಕಾಯಿಲೆ ನೋವಾ?"

ಕಾಶಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಲೋಹಿತನ ಅರ್ಧ ಮುಖ ಕಪ್ಪಾಗಿ ಅಳಿಸಿಹೋಯಿತು. "ಯಾವುದಾದ್ರೂ ಹಾಕು ಮಗಾ," ಅಂದಳು, ಪಕ್ಕದಲ್ಲಿದ್ದವರಿಗಷ್ಟೇ ಕೇಳಿಸುವಷ್ಟು ಮೆತ್ತಗೆ. "ನಂಗೆ ಕಾಣಿಸ್ತಿಲ್ಲ."

ಹೆಂಡತಿ ಮೆತ್ತಗೆ ಮಾತಾಡಿದ್ದನ್ನು ಕೇಳಿ ಚಂದ್ರಶೇಖರಪ್ಪ ಗೋಡೆ ಹಿಡಿದುಕೊಂಡ.

"ಪಾಯಿಂಟ್ ಆಮೇಲೆ, ಮೊದಲು ಡ್ರಿಪ್!" ಅನ್ನುತ್ತ ತನುಜಾ ಕಾಶಮ್ಮನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ತಾವೇ ತಳ್ಳಿಕೊಂಡು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಲೋಹಿತ್ ಮಂಚದ ಹತ್ತಿರ ಬಂದ. "ಅಮ್ಮಾ, ಐದಾ, ಆರಾ? ಕಂಪ್ಯೂಟರ್ ಇನ್ನೂ ಕಾಯ್ತಾ ಇದೆ."

ಕಾಶಮ್ಮ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬಲಗಣ್ಣಿನಿಂದ ಅವನನ್ನು ಮೇಲಿಂದ ಕೆಳಗೆ ಅಳೆದಳು.

"ನನ್ನ ಭುಜ ಇರ್ಲಿ. ನಿನ್ನ ಐದನೇ ಗುಂಡಿ ಆರನೇ ಕಾಜಕ್ಕೆ ಹೋಗಿದೆ. ಮೊದ್ಲು ಅದನ್ನ ಸರಿ ಮಾಡ್ಕೋ!"

ಇಡೀ ವಾರ್ಡು ತಿರುಗಿ ನೋಡಿತು. ಚಂದ್ರಶೇಖರಪ್ಪ ಲೋಹಿತನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದ. ಐದಕ್ಕೆ ಬಂದವನು ಅಲ್ಲೇ ಮಂಚದ ತುದಿಯಲ್ಲಿ ಕೂತು ಮೂಗು ಒರೆಸಿಕೊಂಡ.