ಹೀರೋ ಹಣೆಯ ಕುಂಕುಮ

"ಅಜ್ಜೀ, ಈ ಹೀರೋ ನಮ್ಮ ಕಡೆಯೋನೇ ಕಣಜ್ಜಿ. ಹಣೇಲಿ ಕುಂಕುಮ ನೋಡು!"

ಅಜ್ಜಂಪುರದಿಂದ ತರೀಕೆರೆಗೆ ಹೊರಟ ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗಿ ಹೊಸ ಕಾಮಿಕ್ಸ್ ಪುಸ್ತಕವನ್ನು ಅಜ್ಜಿಯ ಮುಖದೆದುರು ಹಿಡಿದಳು. ಮುಖಪುಟ ಕಂಡು ನಾನು ಅತ್ತ ಬಾಗಿದೆ. ನಾನು ಚಿಕ್ಕಂದಿನಲ್ಲಿ ಓದಿದ್ದ ಆ ಸೂಪರ್‌ಹೀರೋ ಕಥೆಯನ್ನು ಮರುಮುದ್ರಿಸಲು ಪ್ರಕಾಶಕರಿಗೆ ಎಲ್ಲೂ ಹಳೆಯ ಪ್ರತಿ ಸಿಗದೆ, ಕಡೂರಿನ ನಮ್ಮ ಮನೆಯದನ್ನೇ ಒಯ್ದಿದ್ದರು. ಒಮ್ಮೆ ಸರಸ್ವತಿ ಪೂಜೆಯಲ್ಲಿ ನಾನು ಪಠ್ಯಪುಸ್ತಕಗಳ ಮೇಲೆ ಅದನ್ನೂ ಇಟ್ಟಾಗ, ಅಮ್ಮ ಬೈಯದೆ ಹೀರೋನ ಹಣೆಗೂ ಕುಂಕುಮ ಇಟ್ಟಿದ್ದಳು. ಆ ಕಲೆಯನ್ನು ಅಳಿಸದೆ ಹಾಗೇ ಅಚ್ಚು ಹಾಕಿದ್ದಾರೆ!

"ಅದು ನಮ್ಮಮ್ಮ ಇಟ್ಟ ಕುಂಕುಮ ಕಣಮ್ಮಾ," ಎಂದೆ. ಹುಡುಗಿ ನನ್ನನ್ನು ಹೀರೋ ಮನೆಯವಳೆಂಬಂತೆ ನೋಡಿದಳು.

ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ಈಗ ಅವಳ ಉಂಗುರ ಬೆರಳಿನ ಗುರುತಿಲ್ಲದ ಒಂದು ಪ್ರತಿಯೂ ಆ ಪುಸ್ತಕಕ್ಕಿಲ್ಲ.